ಕೊಟ್ಟಿಗೆಯಲ್ಲಿ ಸಿಕ್ಕ ಹಳೇ ಫೈಬರ್ ದೋಣಿ, ಅಡಿಯಲ್ಲಿ ಮೂರು ಉಬ್ಬು. ಇದು ಯಾವುದು?

ತಾಳಗುಪ್ಪ ಪ್ಯಾಸೆಂಜರ್

ಎಲ್ಲರಿಗೂ ನಮಸ್ಕಾರ. ದೋಣಿ ಬಗ್ಗೆ ನನಗೆ ಗೊತ್ತಿರುವುದು ಹೊಳೆಬಾಗಿಲಿನ ಲಾಂಚ್ ಅಷ್ಟೇ. ಚಿಕ್ಕಂದಿನಲ್ಲಿ ಸಿಗಂದೂರಿಗೆ ಹೋಗುವಾಗ ಬಸ್ಸಿನ ಸಮೇತ ಲಾಂಚ್ ಹತ್ತಿ ಆಚೆ ದಡದಲ್ಲಿ ಇಳಿಯುತ್ತಿದ್ದೆವು. ಅಲ್ಲಿಗೆ ನನ್ನ ನೌಕಾಯಾನ ಮುಗಿಯಿತು. ಈಗ ಇರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಮನೆಯಿಂದ ಹತ್ತು ನಿಮಿಷಕ್ಕೆ ಒಂದು ಕೆರೆ ಇದೆ. ಎರಡು ಬೇಸಿಗೆ ಅದರ ದಡದಲ್ಲಿ ಸುಮ್ನೆ ಕೂತು ಕೂತು ಒಂದು ದೋಣಿ ಇದ್ದರೆ ಹೇಗೆ ಅಂತ ತಲೆಗೆ ಹತ್ತಿಬಿಟ್ಟಿತು.

ಹೋದ ಶನಿವಾರ ಪಕ್ಕದ ಊರಿನಲ್ಲಿ ಒಬ್ಬ ವಯಸ್ಸಾದ ಅಜ್ಜಿ ಮನೆ ಖಾಲಿ ಮಾಡುತ್ತಿದ್ದರು. ನಾನು ಹೋಗಿದ್ದು ಏಣಿ ತರಲಿಕ್ಕೆ. ಕೊಟ್ಟಿಗೆಯ ಹಿಂದೆ ಟಾರ್ಪಾಲ್ ಕೆಳಗೆ ಈ ದೋಣಿ ಇತ್ತು. ಟ್ರೇಲರ್ ಸೇರಿ 400 ಡಾಲರ್ ಅಂದರು. ಏಣಿ ಮರೆತು ದೋಣಿ ಎಳೆದುಕೊಂಡು ಬಂದೆ. ಹೆಂಡತಿ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ವಿಷಯಕ್ಕೆ ಬರುತ್ತೇನೆ. ಪೂರ್ತಿ ಫೈಬರ್ ಗ್ಲಾಸ್. ಉದ್ದ ಹದಿಮೂರು ಅಡಿ ಇರಬಹುದು, ಇನ್ನೂ ಟೇಪ್ ಹಿಡಿದಿಲ್ಲ. ವಿಚಿತ್ರ ಅಂದರೆ ಮುಂಭಾಗ. ದೋಣಿ ಅಂದರೆ ಮೂತಿ ಚೂಪಾಗಿರಬೇಕು ಅಲ್ವಾ? ಇದಕ್ಕೆ ಮೂತಿಯೇ ಇಲ್ಲ. ಮಣೆಯ ಹಾಗೆ ಅಗಲ. ಬಗ್ಗಿ ಮುಂದಿನಿಂದ ನೋಡಿದರೆ ಅಡಿಯಲ್ಲಿ ಮೂರು ಉಬ್ಬು, ನಡುವಿನದು ಚೂರು ಕೆಳಗೆ ಇಳಿದಿದೆ, ಅಕ್ಕಪಕ್ಕದವು ಮೇಲಿವೆ. ಉಬ್ಬುಗಳ ಮಧ್ಯೆ ಎರಡು ಗುಹೆ. ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಎಲ್ಲಾ ಚಪ್ಪಟೆಯಾಗಿ ಸೇರಿಹೋಗುತ್ತದೆ. ಒಳಗಡೆ ತಿಳಿ ನೀಲಿ ಬಣ್ಣ, ಎರಡು ಅಡ್ಡ ಹಲಗೆ ಸೀಟು, ಹೆಸರು ಗಿಸರು ಏನೂ ಇಲ್ಲ. ಮೋಟಾರು ಇಲ್ಲ.

ಇದು ಯಾವ ಕಂಪನಿಯದು, ಯಾವ ಕಾಲದ್ದು, ಈ ಆಕಾರಕ್ಕೆ ಏನು ಹೇಳುತ್ತಾರೆ, ಯಾಕೆ ಹೀಗೆ ಮಾಡಿದರು? ಗೊತ್ತಿದ್ದವರು ಹೇಳಿ.

ಬೋಸ್ಟನ್ ಬೆಲ್ಲ

ಗುರೂ, ನಿಮಗೆ ಲಾಟರಿ ಹೊಡೆದಿದೆ! ಅದು ಬೋಸ್ಟನ್ ವೇಲರ್ 13, ಇಲ್ಲಿನ ಹೆಸರಾಂತ ದೋಣಿ ಕಂಪನಿಯ 13 ಅಡಿಯ ಮಾದರಿ. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಮೊಂಡು ಮೂತಿ, ಮೂರು ಉಬ್ಬು, ಒಳಗೆ ತಿಳಿ ನೀಲಿ, ಹದಿಮೂರು ಅಡಿ, ಅದೂ ಮ್ಯಾಸಚೂಸೆಟ್ಸ್‌ನಲ್ಲಿ. ಇನ್ನೇನು ಬೇಕು? ಹಳೇ ವೇಲರ್‌ಗಳನ್ನು ರಿಪೇರಿ ಮಾಡಿ ಮಾರುವುದೇ ಇಲ್ಲಿ ಕೆಲವರ ಕಸುಬು. ಒಳ್ಳೆ ಸ್ಥಿತಿಯಲ್ಲಿದ್ದರೆ ನೀವು ಕೊಟ್ಟದ್ದರ ಹತ್ತರಷ್ಟು ಎಣಿಸಬಹುದು. ಹೆಂಡತಿಗೆ ಹೇಳಿ, ಮಾತಾಡುತ್ತಾರೆ.

ನೀರ್‌ಕೋಳಿ

ಬೆಲ್ಲ ಅವರೇ, ಕಣ್ಣು ಮುಚ್ಚಿಕೊಂಡು ದೋಣಿ ಗುರುತು ಹಿಡಿಯಬಾರದು. ವೇಲರ್ ಇರಬಹುದು, ಇಲ್ಲದೆಯೂ ಇರಬಹುದು. ಈ ಆಕಾರವನ್ನು 60ರ, 70ರ ದಶಕದಲ್ಲಿ ಅಮೆರಿಕದಲ್ಲಿ ಮಾಡದವರೇ ಇರಲಿಲ್ಲ. ಇದಕ್ಕೆ ಟ್ರೈ-ಹಲ್ ಅನ್ನುತ್ತಾರೆ, ಹಲ್ ಅಂದರೆ ದೋಣಿಯ ಹೊರಮೈ, ತಳ. ಕತೀಡ್ರಲ್ ಹಲ್ ಅಂತಲೂ ಹೆಸರಿದೆ, ಯಾಕೆಂದರೆ ಮುಂದೆ ನಿಂತು ನೋಡಿದರೆ ಹಳೇ ಚರ್ಚಿನ ಕಮಾನುಗಳು ಸಾಲಾಗಿ ನಿಂತ ಹಾಗೆ ಕಾಣುತ್ತದೆ.

ಇದರ ಕಥೆ ನನಗೆ ಬಹಳ ಇಷ್ಟ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಆಲ್ಬರ್ಟ್ ಹಿಕ್‌ಮನ್ ಅಂತ ಒಬ್ಬ ಕೆನಡಾದವ ಇದ್ದ. 1910ರ ದಶಕದಲ್ಲಿ ಅವನು ಸೀ ಸ್ಲೆಡ್ ಅಂತ ಒಂದು ಮರದ ದೋಣಿ ಮಾಡಿದ. ಎಲ್ಲರೂ ದೋಣಿಯ ತಳವನ್ನು ವಿ ಆಕಾರದಲ್ಲಿ ಮಾಡಿದರೆ ಇವನು ಆ ವಿ-ಯನ್ನೇ ಮಗುಚಿದ. ತೆರೆದ ಪುಸ್ತಕವನ್ನು ಬೋರಲು ಹಾಕಿದರೆ ಹೇಗಿರುತ್ತದೋ ಹಾಗೆ. ಎರಡು ಅಂಚು ನೀರಿನಲ್ಲಿ, ಮಧ್ಯೆ ಸುರಂಗ. ದೋಣಿ ಓಡುವಾಗ ಗಾಳಿ ಮತ್ತು ನೊರೆ ಆ ಸುರಂಗದೊಳಗೆ ನುಗ್ಗಿ ದೋಣಿಯನ್ನು ಮೇಲೆತ್ತಿ ಮೆತ್ತೆಯ ಹಾಗೆ ಕೆಲಸ ಮಾಡುತ್ತದೆ. ಪಕ್ಕಕ್ಕೆ ಎಸೆಯುವ ನೀರೂ ಕಡಿಮೆ. ಕೆಲಸ ಚೆನ್ನಾಗಿಯೇ ಮಾಡಿತು, ಆದರೆ ಚೂಪು ಮೂತಿ ಇಲ್ಲದ ದೋಣಿ ಜನರ ಕಣ್ಣಿಗೆ ದೋಣಿ ಅಂತಲೇ ಅನ್ನಿಸಲಿಲ್ಲ.

ಆಮೇಲೆ 50ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನ ಡಿಕ್ ಫಿಶರ್ ಬಂದ. ಅವನಿಗೆ ಬಾಲ್ಸಾ ಮರದ ಹಗುರ ದೋಣಿಗಳ ಹುಚ್ಚು. ಆಗಷ್ಟೇ ಪಾಲಿಯುರಿಥೇನ್ ಫೋಮ್ ಬಂದಿತ್ತು. ಎರಡು ದ್ರವ ಸೇರಿಸಿ ಸುರಿದರೆ ಇಡ್ಲಿ ಹಿಟ್ಟು ಹುದುಗಿದ ಹಾಗೆ ಉಬ್ಬಿ ಗಟ್ಟಿಯಾಗುತ್ತದೆ. ಎರಡು ಫೈಬರ್ ಚಿಪ್ಪುಗಳ ಮಧ್ಯೆ ಇದನ್ನೇ ಸುರಿದರೆ ದೋಣಿ ಮುಳುಗಲು ಸಾಧ್ಯವೇ ಇಲ್ಲ ಅಲ್ವಾ ಅಂತ ಅವನ ತಲೆಗೆ ಬಂತು. ಆಕಾರ ಬರೆದುಕೊಡಲು ರೇ ಹಂಟ್ ಅನ್ನುವ ವಿನ್ಯಾಸಕಾರನನ್ನು ಹಿಡಿದ. ಹಂಟ್ ಕೊಟ್ಟದ್ದು ಹಿಕ್‌ಮನ್‌ನ ಸ್ಲೆಡ್ಡಿನ ಹಾದಿಯದೇ. ಮೊದಲು ಎರಡೇ ಉಬ್ಬು ಇಟ್ಟು ಓಡಿಸಿದಾಗ ಸುರಂಗದ ನೊರೆಯೆಲ್ಲಾ ನೇರ ಪ್ರೊಪೆಲ್ಲರ್‌ಗೆ ಬಂತು. ಪ್ರೊಪೆಲ್ಲರ್ ನೀರಿನ ಬದಲು ಗಾಳಿ ಕಡೆಯುತ್ತಾ ಗರ್ರ್ ಅಂತ ಸುಮ್ನೆ ತಿರುಗಿತು. ಅದಕ್ಕೇ ಮಧ್ಯೆ ಮೂರನೇ ಉಬ್ಬು ಬಂತು. 1958ರಲ್ಲಿ ಆ 13 ಅಡಿಯ ದೋಣಿ ಬೋಸ್ಟನ್ ವೇಲರ್ ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1961ರಲ್ಲಿ ಲೈಫ್ ಪತ್ರಿಕೆಯಲ್ಲಿ ಫಿಶರ್ ನೀರಿನ ಮೇಲೆಯೇ ದೋಣಿಯನ್ನು ಗರಗಸದಲ್ಲಿ ಎರಡು ತುಂಡು ಮಾಡಿ, ಮೋಟಾರು ಇದ್ದ ಅರ್ಧದಲ್ಲಿ ಹೊರಟುಹೋಗುವ ಚಿತ್ರಗಳು ಬಂದವು. ಅದಾದ ಮೇಲೆ ಕೇಳಬೇಕೇ, ಎಲ್ಲರಿಗೂ ಮೂರು ಉಬ್ಬಿನ ದೋಣಿಯೇ ಬೇಕಾಯಿತು.

ಹಾಗಾಗಿ ಪ್ಯಾಸೆಂಜರ್ ಅವರೇ, ಮೂರು ಕೆಲಸ ಮಾಡಿ. ಟೇಪ್ ಹಿಡಿಯಿರಿ. ಹಿಂಬದಿಯ ಅಡ್ಡಗೋಡೆಯಲ್ಲಿ (ಮೋಟಾರು ಕೂರಿಸುವ ಜಾಗ, ಟ್ರಾನ್ಸಮ್ ಅನ್ನುತ್ತಾರೆ) ಬಲಗಡೆ ಮೇಲ್ತುದಿಗೆ ಹತ್ತಿರ 12 ಅಕ್ಷರದ ಹಲ್ ನಂಬರ್ ಇದೆಯಾ ನೋಡಿ. 1972ರ ನವೆಂಬರ್ 1ರ ನಂತರದ ದೋಣಿಗಳಿಗೆಲ್ಲಾ ಅದು ಕಡ್ಡಾಯ. ಮೊದಲ ಮೂರು ಅಕ್ಷರ ತಯಾರಕರ ಗುರುತು. ಕೊನೆಯದಾಗಿ ಒಳಗಿನ ನೀಲಿ ಬಣ್ಣ ಏನು ಅಂತ ನೋಡಿ. ಅಸಲಿ ವೇಲರಿನಲ್ಲಿ ಅದು ಬಳಿದ ಬಣ್ಣ ಅಲ್ಲ. ಒಳಚಿಪ್ಪೇ ನೀಲಿ.

ಚಹಾ ಒಂದು ಕಪ್

ದೋಣಿಗೂ ಮೂರು ಹಲ್ ಇರುತ್ತವೆ ಅಂತ ಇವತ್ತು ಗೊತ್ತಾಯಿತು. ನಮ್ಮ ಮಾವನಿಗೂ ಅಷ್ಟೇ ಉಳಿದಿವೆ.

ತಾಳಗುಪ್ಪ ಪ್ಯಾಸೆಂಜರ್

ನೀರ್‌ಕೋಳಿ ಅವರೇ, ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಟಾರ್ಚ್ ಹಿಡಿದು ಕೂತೆ.

ಉದ್ದ 13 ಅಡಿ 2 ಇಂಚು. ಅಗಲ 5 ಅಡಿ 4 ಇಂಚು. ಅಂಚಿನ ಸುತ್ತ ರಬ್ಬರ್ ಪಟ್ಟಿ ಕೆಲವು ಕಡೆ ಕಿತ್ತುಹೋಗಿದೆ, ಹಾಗಾಗಿ ಒಂದು ಇಂಚು ಆಚೆ ಈಚೆ.

ನಂಬರ್ ಸಿಕ್ಕಿತು! ಬಲಗಡೆ ಒಂದು ಸಣ್ಣ ಅಲ್ಯೂಮಿನಿಯಂ ತಗಡು, ಎರಡು ರಿವೆಟ್. ಅಕ್ಷರಗಳನ್ನು ಒಂದೊಂದಾಗಿ ಕುಟ್ಟಿದ್ದಾರೆ, ಸಾಲು ಸೊಟ್ಟಗಿದೆ. ಮೊದಲ ಮೂರು ಅಕ್ಷರ ಎಂ, ಎ, ಝಡ್. ರಾತ್ರಿ ಒಂದು ಗಂಟೆವರೆಗೆ ಮಾಝ್ ಅನ್ನುವ ದೋಣಿ ಕಂಪನಿ ಹುಡುಕಿದೆ. ರಷ್ಯಾ ಕಡೆಯ ಲಾರಿಗಳು ಸಿಕ್ಕವು, ದೋಣಿ ಸಿಗಲಿಲ್ಲ. ಯಾರಾದರೂ ಕೇಳಿದ್ದೀರಾ ಈ ಹೆಸರು?

ನೀಲಿ ಬಣ್ಣ ಉಗುರಿನಲ್ಲಿ ಕೆರೆದರೆ ಏಳುತ್ತದೆ. ಕೆಳಗೆ ನೆಲ ಪ್ಲೈವುಡ್, ಮೇಲೆ ಫೈಬರ್ ಬಟ್ಟೆ ಅಂಟಿಸಿದ್ದಾರೆ. ಒಂದು ಮೂಲೆಯಲ್ಲಿ ಅದೂ ಎದ್ದು ಮರದ ಗೆರೆ ಕಾಣುತ್ತಿದೆ.

ನೀರ್‌ಕೋಳಿ

ಹಹ್ಹಾ, ಮಾಝ್ ಕಂಪನಿ ಅಲ್ಲ ಸ್ವಾಮಿ. ಎಂ ಎ ಅಂದರೆ ಮ್ಯಾಸಚೂಸೆಟ್ಸ್. ಝಡ್ ಅಂದರೆ ರಾಜ್ಯ ಸರ್ಕಾರವೇ ಕೊಟ್ಟ ನಂಬರ್ ಅಂತ ಅರ್ಥ. ಯಾವ ರಾಜ್ಯವಾದರೂ ಅಷ್ಟೇ, ರಾಜ್ಯದ ಎರಡಕ್ಷರ, ಅದರ ನಂತರ ಒಂದು ಝಡ್. ಕಂಪನಿಯ ನಂಬರ್ ಇಲ್ಲದ ದೋಣಿಗೆ ಹೀಗೆ ಕೊಡುತ್ತಾರೆ. ಅಂದರೆ ಯಾರೋ ಮನೆಯಲ್ಲಿ ಮಾಡಿಕೊಂಡದ್ದು, ಇಲ್ಲವೇ 1972ಕ್ಕೂ ಹಳೆಯದು. ಎರಡನೆಯದಾಗಿದ್ದರೆ ಬೆಲ್ಲ ಅವರ ಲಾಟರಿ ಇನ್ನೂ ಜೀವಂತ ಇದೆ.

ಆದರೆ ಆ ಪ್ಲೈವುಡ್ ನೆಲ ನನಗೆ ಸರಿ ಕಾಣುತ್ತಿಲ್ಲ. ಅಸಲಿ 13ರಲ್ಲಿ ಒಳಗಡೆ ಪೂರ್ತಿ ಒಂದೇ ಅಚ್ಚಿನ ಚಿಪ್ಪು. ಹಲಗೆ ನೆಲ ಇರುವುದಿಲ್ಲ.

ಬೋಸ್ಟನ್ ಬೆಲ್ಲ

ಅದರ ಮೇಲೆ ಯಾರೋ ಆಮೇಲೆ ಪ್ಲೈವುಡ್ ಹಾಕಿರಬಹುದಲ್ಲ! ನೆಲ ಬಿರುಕು ಬಿಟ್ಟಿತ್ತು, ಮುಚ್ಚಿದರು. ಅಗಲ ನೋಡಿ, ಅಸಲಿಯ ಅಗಲಕ್ಕೆ ಸರಿಯಾಗಿ ಹತ್ತಿರ ಇದೆ. ನಾನು ಬಿಡುವುದಿಲ್ಲ.

ಮಲ್ಪೆ ಮ್ಯಾಟು

ನಮಸ್ಕಾರ ಮಾರಾಯ್ರೆ. ನಾನು ಅಮೆರಿಕ ನೋಡಿದವನಲ್ಲ. ಮಲ್ಪೆಯಲ್ಲಿ ಹದಿನೆಂಟು ವರ್ಷದಿಂದ ಫೈಬರ್ ದೋಣಿ ಕೆಲಸ ಮಾಡಿಕೊಂಡಿದ್ದೇನೆ. ಹೊಸತು ಮಾಡುವುದು ಕಡಿಮೆ, ಒಡೆದದ್ದನ್ನು ಸರಿಮಾಡುವುದೇ ಜಾಸ್ತಿ. ಊರು ಯಾವುದಾದರೇನು, ಮ್ಯಾಟು (ಗಾಜಿನ ಎಳೆಗಳ ಹಾಸು) ಮ್ಯಾಟೇ, ರೆಸಿನ್ (ಅದನ್ನು ಗಟ್ಟಿ ಮಾಡುವ ಅಂಟು) ರೆಸಿನ್ನೇ. ನಾನು ಹೇಳುವಷ್ಟು ಮಾಡಿ ನೋಡಿ, ಹಣ ಖರ್ಚಿಲ್ಲ.

ಮೊದಲು ಬಡಿಯಿರಿ. ಹಲಸಿನಕಾಯಿ ಬೆಳೆದಿದೆಯೋ ಇಲ್ಲವೋ ಅಂತ ಬಡಿದು ನೋಡುತ್ತೇವಲ್ಲ, ಹಾಗೆಯೇ. ಮರದ ಸುತ್ತಿಗೆ ಇಲ್ಲದಿದ್ದರೆ ಚಪಾತಿ ಲಟ್ಟಣಿಗೆ ಸಾಕು. ಎರಡು ಚಿಪ್ಪಿನ ಮಧ್ಯೆ ಫೋಮ್ ತುಂಬಿದ್ದರೆ ಎಲ್ಲಿ ಬಡಿದರೂ ದಪ್ ದಪ್ ಅಂತ ಒಂದೇ ಸ್ವರ. ಒಳಗೆ ಖಾಲಿ ಇದ್ದರೆ ಖಾಲಿ ಕೊಡಪಾನದ ಸದ್ದು. ನಡುನಡುವೆ ಸದ್ದು ಬದಲಾದರೆ ಅಲ್ಲಿ ಅಡ್ಡಪಟ್ಟಿ ಇದೆ ಅಂತ.

ಎರಡನೆಯದು ತೂಕ. ಟ್ರೇಲರ್ ಸಮೇತ ತೂಗಿ, ಆಮೇಲೆ ಟ್ರೇಲರ್ ಬರೀ ತೂಗಿ. ಫೋಮ್ ದೋಣಿಗಳ ದೊಡ್ಡ ಕಾಯಿಲೆ ಅಂದರೆ ಸ್ಕ್ರೂ ಹಾಕಿದ ತೂತಿನಿಂದ ನೀರು ಇಳಿಯುವುದು. ವರ್ಷಗಟ್ಟಲೆ ಕುಡಿದ ನೀರು ಬಿಸಿಲಿಗಿಟ್ಟರೂ ಹೊರಗೆ ಬರುವುದಿಲ್ಲ.

ಮೂರನೆಯದು ಸೀಟಿನ ಒಂದು ಸ್ಕ್ರೂ ಬಿಚ್ಚಿ. ಫೋಮಿಗೆ ಸ್ಕ್ರೂ ನಿಲ್ಲುವುದಿಲ್ಲ. ಅದಕ್ಕೆ ವೇಲರಿನವರು ಎಲ್ಲೆಲ್ಲಿ ಸ್ಕ್ರೂ ಬರುತ್ತದೋ ಅಲ್ಲಿ ಮೊದಲೇ ಮರದ ತುಂಡು ಇಟ್ಟು ಫೋಮ್ ಸುರಿಯುತ್ತಿದ್ದರಂತೆ. ಯಾವ ಮರ ಎಲ್ಲಿದೆ ಅಂತ ನಕ್ಷೆ ಕೂಡಾ ಇದೆಯಂತೆ. ನಾನು ನೆಟ್ಟಿನಲ್ಲಿ ನೋಡಿದ್ದು.

ನಾಲ್ಕನೆಯದು ನನ್ನ ಸ್ವಂತದ್ದು. ಇದು ಪುಸ್ತಕದಲ್ಲಿ ಸಿಗುವುದಿಲ್ಲ. ದೋಣಿಯನ್ನು ಮಗುಚಿ, ತಳದ ಹಳೇ ಬಣ್ಣ ಒಂದು ಕಡೆ ತೆಗೆದು, ಗೀರುಗಳನ್ನು ನೋಡಿ. ಭೂತಗನ್ನಡಿ ಇದ್ದರೆ ಒಳ್ಳೆಯದು. ಫೈಬರ್ ದೋಣಿಯ ಮೈಮೇಲಿನ ಮೊದಲ ಪದರ ಜೆಲ್‌ಕೋಟ್. ಅಚ್ಚಿಗೆ ಮೇಣ ಬಳಿದು, ಅದರ ಮೇಲೆ ಜೆಲ್‌ಕೋಟ್, ಅದರ ಮೇಲೆ ಮ್ಯಾಟು, ರೆಸಿನ್, ಹೀಗೆ ಹೊರಗಿನಿಂದ ಒಳಕ್ಕೆ ಕೆಲಸ. ಕಲ್ಲು ತಾಗಿ ಆದ ಗೀರು ಆ ಜೆಲ್‌ಕೋಟನ್ನು ಕೊರೆದಿರುತ್ತದೆ. ಅಂಚು ಉಗುರಿಗೆ ಚುಚ್ಚುತ್ತದೆ, ತಳ ಮಂಕು, ಕೊಳೆ ಕೂತಿರುತ್ತದೆ. ಆದರೆ ಯಾರಾದರೂ ಓಡಿಸಿದ ಹಳೇ ದೋಣಿಯ ಮೇಲೆಯೇ ಅಚ್ಚು ತೆಗೆದು, ಆ ಅಚ್ಚಿನಲ್ಲಿ ಇನ್ನೊಂದು ದೋಣಿ ಹುಯ್ದರೆ ಹಳೇ ದೋಣಿಯ ಗೀರೂ ಹಾಗೆಯೇ ಇಳಿದು ಬರುತ್ತದೆ. ಆ ಗೀರಿನ ತಳದಲ್ಲಿಯೂ ಜೆಲ್‌ಕೋಟ್ ಇರುತ್ತದೆ, ಹೊಳೆಯುತ್ತದೆ, ಅಂಚು ನುಣ್ಣಗೆ. ನಾವು ಅದಕ್ಕೆ ಹುಟ್ಟುಗೀರು ಅನ್ನುತ್ತೇವೆ. ಮಚ್ಚೆ ಇದ್ದ ಹಾಗೆ.

ಕೆರೆಯುವಾಗ ಮುಖಕ್ಕೆ ಮಾಸ್ಕ್ ಹಾಕಿ, ಉದ್ದ ತೋಳಿನ ಅಂಗಿ ಹಾಕಿ. ಫೈಬರ್ ಪುಡಿ ಮೈಗೆ ಹತ್ತಿದರೆ ಎರಡು ದಿನ ನವೆ. ಬಿಸಿ ನೀರು ಸುರಿಯಬೇಡಿ, ತಣ್ಣೀರಿನಲ್ಲಿ ತೊಳೆಯಿರಿ.

ಚಹಾ ಒಂದು ಕಪ್

ಮ್ಯಾಟು ಅಣ್ಣ, ಹುಟ್ಟುಗೀರು ಅನ್ನುವ ಪದಕ್ಕೆ ಒಂದು ಚಹಾ ನನ್ನ ಕಡೆಯಿಂದ.

ತಾಳಗುಪ್ಪ ಪ್ಯಾಸೆಂಜರ್

ತಡವಾದದ್ದಕ್ಕೆ ಕ್ಷಮಿಸಿ, ವಾರವಿಡೀ ಆಫೀಸು. ಈ ಭಾನುವಾರ ಪೂರ್ತಿ ಇದೇ ಕೆಲಸ. ಹೆಂಡತಿಯೂ ಕುತೂಹಲಕ್ಕೆ ಬಂದು ಲಟ್ಟಣಿಗೆ ಕೊಟ್ಟಳು. ವಾಪಸ್ ಅಡುಗೆಮನೆಗೆ ತರಬಾರದು ಅನ್ನುವ ಷರತ್ತಿನ ಮೇಲೆ.

ಬಡಿದೆ. ನೆಲ ಪೂರ್ತಿ ಕೊಡಪಾನ. ಸುಮಾರು ಒಂದೂವರೆ ಅಡಿಗೊಮ್ಮೆ ಮಾತ್ರ ಸದ್ದು ಗಟ್ಟಿಯಾಗುತ್ತದೆ. ಅಡ್ಡಪಟ್ಟಿ ಇರಬೇಕು.

ತೂಕ ನಮ್ಮೂರ ಗುಜರಿಯ ತೂಕಸೇತುವೆಯಲ್ಲಿ. ಟ್ರೇಲರ್ ಕಳೆದು ದೋಣಿಯದ್ದೇ 410 ಪೌಂಡ್ ಬಂತು.

ಸೀಟಿನ ಸ್ಕ್ರೂ ಬಿಚ್ಚಿದೆ, ಬರೀ ಮರಕ್ಕೆ ಹಾಕಿದ್ದು, ಅದರಿಂದ ಏನೂ ಗೊತ್ತಾಗಲಿಲ್ಲ. ಆದರೆ ಹಿಂಬದಿಯ ನೆಲದಲ್ಲಿ ಅಂಗೈ ಅಗಲದ ಒಂದು ಮುಚ್ಚಳ ಇತ್ತು, ಬಣ್ಣದ ಕೆಳಗೆ ಮುಚ್ಚಿಹೋಗಿತ್ತು. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿ ಫೋನಿನ ಟಾರ್ಚ್ ಬಿಟ್ಟೆ. ಫೋಮ್ ಇಲ್ಲ. ಖಾಲಿ. ಒರಟು ಫೈಬರ್, ಎಳೆಗಳು ಅಡ್ಡಾದಿಡ್ಡಿ ಅಂಟಿಕೊಂಡಿವೆ, ಒಂದು ಕಡೆ ರೆಸಿನ್ ಜೇನುತುಪ್ಪದ ಹಾಗೆ ಇಳಿದು ಹಾಗೆಯೇ ಗಟ್ಟಿಯಾಗಿದೆ. ಒಳಗೆ ಬಿಳಿ ಥರ್ಮಾಕೋಲ್ ಹಲಗೆಗಳನ್ನು ಕತ್ತರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸಿಕ್ಕಿಸಿದ್ದಾರೆ. ಒಂದು ಜೇಡ ಸಂಸಾರ ಮಾಡಿಕೊಂಡಿದೆ.

ಇನ್ನು ಹುಟ್ಟುಗೀರು. ಇದನ್ನು ಬರೆಯಲಿಕ್ಕೇ ಇವತ್ತು ಕೂತದ್ದು. ನಾಲ್ಕು ಜನ ಸೇರಿ ದೋಣಿ ಮಗುಚಿದೆವು. ನಡುವಿನ ಉಬ್ಬಿನ ಎಡಗಡೆ, ಮುಂದಿನಿಂದ ಎರಡಡಿ ಹಿಂದೆ, ಒಂದು ಗೀರು ಇದೆ. ನನ್ನ ಅಂಗೈಯಷ್ಟು ಉದ್ದ, ಕೊನೆಗೆ ಮೀನಿನ ಗಾಳದ ಹಾಗೆ ಬಾಗಿದೆ. ಪಕ್ಕದಲ್ಲೇ ಹೋದ ವಾರ ಟ್ರೇಲರಿನಿಂದ ನಾನೇ ಮಾಡಿದ ಹೊಸ ಗೀರೂ ಇದೆ. ಎರಡರ ಮೇಲೂ ಉಗುರು ಎಳೆದೆ. ನನ್ನ ಗೀರಿನಲ್ಲಿ ಉಗುರು ಕರಕರ ಅಂತ ಸಿಕ್ಕಿಕೊಳ್ಳುತ್ತದೆ, ಬಿಳಿ ಪುಡಿ ಬರುತ್ತದೆ. ಗಾಳದ ಗೀರಿನಲ್ಲಿ ಉಗುರು ಬಟ್ಟಲಿನ ಒಳಗೆ ಜಾರಿದ ಹಾಗೆ ಇಳಿದು ಏರಿತು. ಒದ್ದೆ ಬಟ್ಟೆಯಲ್ಲಿ ಒರೆಸಿ ಮಗಳ ಸ್ಕೂಲಿನ ಭೂತಗನ್ನಡಿ ಹಿಡಿದರೆ ತಳದವರೆಗೂ ಹೊಳಪು. ಎಲ್ಲೂ ಕಡಿದಿಲ್ಲ. ನಾನು ಐದು ನಿಮಿಷ ಹಾಗೇ ಕೂತಿದ್ದೆ. ಈ ದೋಣಿ ಯಾವ ಕಲ್ಲಿಗೂ ತಾಗದೆ ಪಡೆದ ಗೀರು ಅದು.

ಮಲ್ಪೆ ಮ್ಯಾಟು

ಅಷ್ಟೇ ಮಾರಾಯ್ರೆ. ಬೇರೆ ಸಾಕ್ಷಿ ಬೇಡ. ಒಂದು ವೇಲರಿನ ಹೊರಮೈಗೆ, ಇಲ್ಲವೇ ವೇಲರಿನ ಹಾಗೇ ಇದ್ದ ಇನ್ನೊಂದಕ್ಕೆ, ಅಚ್ಚು ತೆಗೆದು ಹುಯ್ದದ್ದು. ಒಳಚಿಪ್ಪಿಗೆ ಅಚ್ಚು ತೆಗೆಯುವುದು ಕಷ್ಟ, ಫೋಮ್ ಸುರಿಯುವುದು ಇನ್ನೂ ಕಷ್ಟ. ಉಬ್ಬುವಾಗ ಚಿಪ್ಪನ್ನೇ ದೂಡಿ ಸೊಟ್ಟ ಮಾಡುತ್ತದೆ. ಮನೆಯಲ್ಲಿ ಮಾಡುವವರು ಹೊರಮೈ ಮಾತ್ರ ಹುಯ್ದು ಒಳಗೆ ಪ್ಲೈವುಡ್ ಹಾಕಿ ಮುಗಿಸುತ್ತಾರೆ. ಉದ್ದದಲ್ಲಿ ಒಂದೆರಡು ಇಂಚು ಕಡಿಮೆ ಇದ್ದರೆ ಅಚ್ಚಿನಿಂದ ಬಿಡಿಸಿದ ಮೇಲೆ ಅಂಚು ಕತ್ತರಿಸಿದ್ದರಲ್ಲಿ ಹೋಗಿರಬಹುದು.

ರೆಸಿನ್ ಇಳಿದು ಗಟ್ಟಿಯಾಗಿದೆ ಅಂದಿರಲ್ಲ, ಅದು ಹೊಸ ಕೈಯ ಕೆಲಸ. ಹಾರ್ಡ್ನರ್ ಕಡಿಮೆ ಹಾಕಿದ್ದಾರೆ, ಇಲ್ಲವೇ ಚಳಿಯಲ್ಲಿ ಮಾಡಿದ್ದಾರೆ. ನಾನೂ ಮೊದಲ ವರ್ಷ ಹಾಗೇ ಇಳಿಸಿ ಬೈಸಿಕೊಂಡವನು.

ಬೋಸ್ಟನ್ ಬೆಲ್ಲ

ಸರಿ, ಸೋತೆ. ಹತ್ತರಷ್ಟು ಅಂದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ. ಹೆಂಡತಿಗೆ ಹೇಳಿಬಿಟ್ಟಿದ್ದರೆ ನನ್ನ ಹೆಸರು ಹೇಳಬೇಡಿ.

ಆದರೆ ಒಂದು ಕೇಳುತ್ತೇನೆ, ಹೀಗೆ ಇನ್ನೊಬ್ಬರ ದೋಣಿಗೆ ಅಚ್ಚು ತೆಗೆಯುವುದು ಕಳ್ಳತನ ಅಲ್ವಾ?

ಕರಿಕೋಟು

ಈ ಪ್ರಶ್ನೆಗೆ ಅಮೆರಿಕದ ಸುಪ್ರೀಂ ಕೋರ್ಟೇ ಉತ್ತರ ಕೊಟ್ಟಿದೆ. ನಾನು ಕಾನೂನು ಓದುವಾಗ ಬೌದ್ಧಿಕ ಆಸ್ತಿಯ ತರಗತಿಯಲ್ಲಿ ಎಲ್ಲರೂ ನಿದ್ದೆ ಮಾಡುತ್ತಿದ್ದೆವು, ಈ ಒಂದು ಕೇಸು ಮಾತ್ರ ನೆನಪಿದೆ, ಯಾಕೆಂದರೆ ಇದು ದೋಣಿಯದ್ದು. ಬೊನಿಟೊ ಬೋಟ್ಸ್ ಅಂತ ಫ್ಲಾರಿಡಾದ ಕಂಪನಿ. 1976ರಲ್ಲಿ ಒಂದು ಫೈಬರ್ ದೋಣಿಯ ತಳ ವಿನ್ಯಾಸ ಮಾಡಿತು, ಪೇಟೆಂಟ್ ಮಾಡಿಸಲಿಲ್ಲ. 1983ರಲ್ಲಿ ಫ್ಲಾರಿಡಾ ಸರ್ಕಾರ ಒಂದು ಕಾಯ್ದೆ ತಂದಿತು: ಇನ್ನೊಬ್ಬರ ದೋಣಿಯ ಮೇಲೆ ನೇರವಾಗಿ ಅಚ್ಚು ತೆಗೆದು ದೋಣಿ ಮಾಡಿ ಮಾರುವ ಹಾಗಿಲ್ಲ. ಬೊನಿಟೊ ಅದನ್ನು ಹಿಡಿದುಕೊಂಡು ಥಂಡರ್ ಕ್ರಾಫ್ಟ್ ಅನ್ನುವ ಇನ್ನೊಂದು ಕಂಪನಿಯ ಮೇಲೆ ದಾವೆ ಹಾಕಿತು. ಕೇಸು ಮೇಲಕ್ಕೆ ಹೋಗಿ 1989ರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಫ್ಲಾರಿಡಾ ಕಾಯ್ದೆ ನಿಲ್ಲುವುದಿಲ್ಲ ಅಂದರು. ಪೇಟೆಂಟ್ ಕೊಡುವುದು ಕೇಂದ್ರದ ಕೆಲಸ. ಪೇಟೆಂಟ್ ಇಲ್ಲದೆ ಸಾರ್ವಜನಿಕರ ಮುಂದೆ ಬಂದ ವಿನ್ಯಾಸವನ್ನು ಯಾರು ಬೇಕಾದರೂ ನಕಲು ಮಾಡಬಹುದು, ರಾಜ್ಯ ಅದಕ್ಕೆ ಬೇರೆ ಬೇಲಿ ಹಾಕುವ ಹಾಗಿಲ್ಲ ಅಂತ.

ದೋಣಿ ತಯಾರಕರು ಸುಮ್ಮನೆ ಕೂರಲಿಲ್ಲ. 1998ರಲ್ಲಿ ಅಮೆರಿಕದ ಸಂಸತ್ತು ದೋಣಿಯ ತಳಕ್ಕೆಂದೇ ಒಂದು ರಕ್ಷಣಾ ಕಾಯ್ದೆ ಮಾಡಿತು, ಹತ್ತು ವರ್ಷದ ರಕ್ಷಣೆ. ಚಪ್ಪಲಿಗೆ ಇಲ್ಲ, ಕುರ್ಚಿಗೆ ಇಲ್ಲ, ದೋಣಿಯ ಹೊಟ್ಟೆಗೆ ಮಾತ್ರ ಬೇರೆ ಕಾಯ್ದೆ. ಪ್ಯಾಸೆಂಜರ್ ಅವರ ದೋಣಿ ಅದಕ್ಕಿಂತ ಹಳೆಯದು ಅನ್ನಿಸುತ್ತದೆ, ಹಾಗಾಗಿ ಮಾಡಿದವರ ಮೇಲೆ ನನಗೇನೂ ಕೋಪ ಇಲ್ಲ. ಮಾರುವಾಗ ಮಾತ್ರ ವೇಲರ್ ಅಂತ ಹೇಳಿ ಮಾರಬೇಡಿ. ಅದು ಬೇರೆ ಕಾನೂನು, ಬೇರೆ ಜೈಲು.

ತಾಳಗುಪ್ಪ ಪ್ಯಾಸೆಂಜರ್

ಮಾರುವುದಿಲ್ಲ ಸರ್. ಈಗಂತೂ ಮಾರುವುದೇ ಇಲ್ಲ.

ನೀರ್‌ಕೋಳಿ ಅವರಿಗೆ ಒಂದು ಪ್ರಶ್ನೆ. ಇಷ್ಟು ಒಳ್ಳೆಯ ಆಕಾರ ಆಗಿದ್ದರೆ ಈಗ ಯಾಕೆ ಎಲ್ಲಾ ದೋಣಿಗಳೂ ಹೀಗಿಲ್ಲ? ನಮ್ಮ ಕೆರೆಯಲ್ಲಿ ಒಂದೂ ಕಾಣಲಿಲ್ಲ.

ನೀರ್‌ಕೋಳಿ

ಅಲೆ ಇರುವ ನೀರಿನಲ್ಲಿ ಒಂದು ಸಲ ಓಡಿಸಿದರೆ ಉತ್ತರ ನಿಮ್ಮ ಸೊಂಟವೇ ಹೇಳುತ್ತದೆ. ನಾನು ಫ್ಲಾರಿಡಾದಲ್ಲಿ ಬಾಡಿಗೆಗೆ ಒಂದು ಹಳೇ ಟ್ರೈ-ಹಲ್ ತೆಗೆದುಕೊಂಡಿದ್ದೆ. ಮಧ್ಯಾಹ್ನದ ಗಾಳಿ ಎದ್ದ ಮೇಲೆ ವಾಪಸ್ ಬರುವಷ್ಟರಲ್ಲಿ ನಮ್ಮ ಹಳ್ಳಿ ರಸ್ತೆಯಲ್ಲಿ ಎತ್ತಿನ ಗಾಡಿ ಹಿಂದೆ ಕೂತ ಹಾಗಾಯಿತು. ಅಗಲ ಮೂತಿ ಅಲೆಯನ್ನು ಸೀಳುವುದಿಲ್ಲ, ಹೊಡೆಯುತ್ತದೆ. ಆ ಎರಡು ಗುಹೆಗಳ ಸೂರಿಗೆ ನೀರು ಬಂದು ಬಡಿಯುವಾಗ ದೋಣಿ ಪೂರ್ತಿ ನಡುಗುತ್ತದೆ.

ಅಲೆಗೆ ಒಗ್ಗುವುದು ಡೀಪ್-ವಿ, ಮೂತಿಯಿಂದ ಹಿಂದಿನವರೆಗೂ ಆಳವಾಗಿಯೇ ಉಳಿಯುವ ವಿ. ಮಜಾ ಏನು ಗೊತ್ತಾ, ಅದನ್ನು ಮಾಡಿದವನೂ ಇದೇ ರೇ ಹಂಟ್! 1960ರಲ್ಲಿ ಮಯಾಮಿಯಿಂದ ನಸ್ಸೌಗೆ ನಡೆದ ರೇಸಿನಲ್ಲಿ ಸಮುದ್ರ ಕೆಟ್ಟದಾಗಿ ಎದ್ದಿತ್ತು. ಹಂಟ್ ಬರೆದ ವಿ ತಳದ ಮಾಪಿ ಅನ್ನುವ ದೋಣಿಯಲ್ಲಿ ಡಿಕ್ ಬರ್ಟ್ರಮ್ ಎಲ್ಲರಿಗಿಂತ ಬಹಳ ಮುಂದೆ ಬಂದು ಗೆದ್ದ. ಅದೇ ಆಕಾರ ಫೈಬರಿನಲ್ಲಿ ಬರ್ಟ್ರಮ್ 31 ಆಯಿತು. ಒಬ್ಬನೇ ಮನುಷ್ಯ ಎರಡೇ ವರ್ಷದ ಅಂತರದಲ್ಲಿ ಎರಡು ತದ್ವಿರುದ್ಧ ದೋಣಿಗಳನ್ನು ಕೊಟ್ಟ, ಎರಡೂ ಪ್ರಪಂಚ ತುಂಬಾ ನಕಲಾದವು. ಕೊನೆಗೆ ಸಮುದ್ರಕ್ಕೆ ಹೋಗುವವರು ವಿ ಹಿಡಿದರು, 80ರ ದಶಕದ ಹೊತ್ತಿಗೆ ಟ್ರೈ-ಹಲ್ ಹಳೇ ಫ್ಯಾಷನ್ ಆಯಿತು.

ಆದರೆ ಕೆರೆಗೆ ನಿಮ್ಮದೇ ಸರಿ. ಅಂಚಿನ ಕಡೆ ನಿಂತರೂ ಪಕ್ಕಕ್ಕೆ ಹೆಚ್ಚು ವಾಲುವುದಿಲ್ಲ. ಡೀಪ್-ವಿ ನಿಂತ ನೀರಿನಲ್ಲಿ ತೊಟ್ಟಿಲಿನ ಹಾಗೆ ತೂಗುತ್ತದೆ, ನಿಮ್ಮದು ಹೊಳೆಬಾಗಿಲಿನ ಲಾಂಚಿನ ಹಾಗೆ ಸುಮ್ನೆ ಇರುತ್ತದೆ. ಮಕ್ಕಳಿಗೆ ಅದೇ ಒಳ್ಳೆಯದು.

ಮಲ್ಪೆ ಮ್ಯಾಟು

ನೀರಿಗೆ ಇಳಿಸುವ ಮೊದಲು ಎರಡು ಮಾತು. ಹಿಂಬದಿಯ ಟ್ರಾನ್ಸಮ್ ನೋಡಿ. ಒಳಗೆ ಪ್ಲೈವುಡ್ ಇರುತ್ತದೆ, ಮೋಟಾರಿನ ಭಾರ ಎಲ್ಲಾ ಅದರ ಮೇಲೆ. ಮೋಟಾರು ಕಚ್ಚುವ ಜಾಗವನ್ನು ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ. ಚೂರು ಬಾಗಿದರೂ ಒಳಗಿನ ಮರ ಕೊಳೆತಿದೆ. ಸಣ್ಣ ತೂತು ಕೊರೆದು ಬಂದ ಹುಡಿ ಮೂಸಿ ನೋಡಿ. ಒಣ ಹುಡಿ ಬಂದರೆ ಸರಿ, ಕಪ್ಪು ಕೆಸರು ಬಂದರೆ ಬದಲಾಯಿಸಲೇಬೇಕು.

ಇನ್ನೊಂದು, ಇದು ಮುಳುಗದ ದೋಣಿ ಅಲ್ಲ. ಅಸಲಿ ಮುಳುಗುವುದಿಲ್ಲ ಅಂತ ನೀವು ಓದಿದ್ದೀರಿ, ನಿಮ್ಮದಕ್ಕೆ ಆ ಆಕಾರ ಬಂದಿದೆ, ಆ ಹೊಟ್ಟೆ ಬಂದಿಲ್ಲ. ಹಳೇ ಥರ್ಮಾಕೋಲ್ ತೆಗೆದು ಹೊಸ ಫೋಮ್ ಹಲಗೆ ತುಂಬಿ. ಪೆಟ್ರೋಲ್ ತಾಗಿದರೆ ಥರ್ಮಾಕೋಲ್ ಕರಗುತ್ತದೆ, ನೆನಪಿರಲಿ. ಲೈಫ್ ಜಾಕೆಟ್ ಇಲ್ಲದೆ ಮಗಳನ್ನು ಕೂರಿಸಬೇಡಿ.

ತಾಳಗುಪ್ಪ ಪ್ಯಾಸೆಂಜರ್

ಅಣ್ಣಾ, ನೀವು ಹೇಳಿದ ಹಾಗೆ ತೂತು ಕೊರೆದೆ. ಕಪ್ಪು ಕೆಸರು. ವಾಸನೆ ಮಳೆಗಾಲದ ಸೌದೆ ಕೊಟ್ಟಿಗೆಯದ್ದು. ಚಳಿಗಾಲದ ಕೆಲಸ ಸಿಕ್ಕಿತು.

ಇನ್ನೊಂದು ಸುದ್ದಿ. ಅವತ್ತು ಮರೆತ ಏಣಿ ತರಲಿಕ್ಕೆ ನಿನ್ನೆ ಅಜ್ಜಿಯ ಮನೆಗೆ ಹೋಗಿದ್ದೆ. ದೋಣಿಯ ವಿಷಯ ತೆಗೆದೆ. ಅವರ ಯಜಮಾನರು ಮತ್ತು ಕೆಲಸದ ಕಡೆಯ ಒಬ್ಬ ಗೆಳೆಯ ಸೇರಿ ಒಂದು ಚಳಿಗಾಲ ಗ್ಯಾರೇಜಿನಲ್ಲಿ ಮಾಡಿದ್ದಂತೆ. ಯಾವ ವರ್ಷ ಅಂತ ನೆನಪಿಲ್ಲ, ದೊಡ್ಡ ಮಗ ಇನ್ನೂ ಸ್ಕೂಲಿಗೆ ಸೇರಿರಲಿಲ್ಲ ಅಂದರು. ಅಚ್ಚಿಗೆ ಯಾರ ದೋಣಿ ತಂದಿದ್ದರು ಅಂತ ಕೇಳಿದರೆ ನಕ್ಕರು, ಹೇಳಲಿಲ್ಲ. ಮೂರು ತಿಂಗಳು ಮನೆಯೆಲ್ಲಾ ರೆಸಿನ್ ವಾಸನೆ, ಬ್ರೆಡ್ಡಿಗೂ ಅದೇ ರುಚಿ ಅಂತ ಬೈದರು. ಚಳಿಯಲ್ಲಿ ಮಾಡಿದ್ದು ಅಂತ ನೀವು ಇಳಿದ ರೆಸಿನ್ ನೋಡದೆಯೇ ಹೇಳಿದಿರಲ್ಲ ಅಣ್ಣಾ, ಕೈ ಮುಗಿದೆ.

ಆ ಅಚ್ಚಿನಲ್ಲಿ ಎರಡು ದೋಣಿ ಹುಯ್ದಿದ್ದರಂತೆ. ಇನ್ನೊಂದನ್ನು ಗೆಳೆಯ ಮೇನ್ ರಾಜ್ಯಕ್ಕೆ ತೆಗೆದುಕೊಂಡು ಹೋದನಂತೆ. ಆ ಕಡೆ ಇರುವ ಕನ್ನಡದವರು ಯಾರಾದರೂ ಮೊಂಡು ಮೂತಿಯ ಹಳೇ ದೋಣಿ ನೋಡಿದರೆ ದಯವಿಟ್ಟು ಬಗ್ಗಿ ನೋಡಿ. ನಡುವಿನ ಉಬ್ಬು, ಎಡಗಡೆ, ಮುಂದಿನಿಂದ ಎರಡಡಿ.

ಮ್ಯಾಟು ಅಣ್ಣ, ಟ್ರಾನ್ಸಮ್‌ಗೆ ಮುಕ್ಕಾಲು ಇಂಚಿನ ಪ್ಲೈವುಡ್ ಎರಡು ಸೇರಿಸಿದರೆ ಸಾಕಾ?

ಮಲ್ಪೆ ಮ್ಯಾಟು

ಸಾಕು. ಮರೈನ್ ಪ್ಲೈ ತನ್ನಿ, ಅಂಗಡಿಯವರು ಏನೇ ಹೇಳಲಿ ಬೇರೆಯದು ಬೇಡ. ಎರಡರ ಮಧ್ಯೆ ಒಂದು ಪದರ ಮ್ಯಾಟು ರೆಸಿನ್ನಿನಲ್ಲಿ ನೆನೆಸಿ ಇಡಿ, ಕ್ಲ್ಯಾಂಪ್ ಹಾಕಿ ರಾತ್ರಿಯಿಡೀ ಬಿಡಿ. ಮತ್ತೆ ಗ್ಯಾರೇಜಿನಲ್ಲಿ ಹೀಟರ್ ಹಾಕಿಕೊಂಡು ಕೆಲಸ ಮಾಡಿ ಮಾರಾಯ್ರೆ, ಇನ್ನೊಮ್ಮೆ ಜೇನುತುಪ್ಪ ಇಳಿಸಬೇಡಿ. ಹೀಟರಿನ ಬಾಯಿ ರೆಸಿನ್ ಡಬ್ಬದ ಕಡೆ ಇರುವುದು ಬೇಡ.